ಹತ್ತಿದ ಗೇರಲ್ಲೇ ಇಳಿ

ಭಾಗಮಂಡಲದಿಂದ ಕರಿಕೆಗೆ ಇಳಿಯುವ ದಾರಿಯಲ್ಲಿ
ತಿರುವುಗಳಿಗೆ ಸರ್ಕಾರ ಕೊಟ್ಟದ್ದು ನಂಬರು.
ನಾವು ಇಟ್ಟದ್ದು ಅಲ್ಲಲ್ಲಿ ಚೆಲ್ಲಿದ್ದರ ಹೆಸರು.

ಬಾಳೆಗೊನೆ ತಿರುವು.
ಉಪ್ಪಿನ ತಿರುವು. ಲಾರಿ ಮಗುಚಿ ಮೂಟೆ ಒಡೆದು
ಮೂರು ತಿಂಗಳು ಕಡವೆಗಳು ರಾತ್ರಿ ಬಂದು ರಸ್ತೆ ನೆಕ್ಕಿದವಂತೆ.
ಮದುಮಗಳ ಟ್ರಂಕಿನ ತಿರುವು. ಅಲ್ಲಿ ಯಾರೂ ಸಾಯಲಿಲ್ಲ,
ಬಣ್ಣಬಣ್ಣದ ಕುಪ್ಪಸಗಳು ಬಿದಿರುಮೆಳೆಯ ಮೇಲೆ ಹರಡಿದ್ದವು,
ಯಾರೋ ಒಗೆದು ಹಾಕಿ ಮರೆತ ಹಾಗೆ.

ಸ್ಟೇರಿಂಗು ಮುಟ್ಟಿಸುವ ಮೊದಲು ಮೊಯ್ದುಕಾಕ
ಪಕ್ಕದ ಸೀಟಿನಲ್ಲಿ ಕೂರಿಸಿ ಒಂದಿಡೀ ತಿಂಗಳು
ಇವನ್ನೆಲ್ಲ ನನಗೆ ಬಾಯಿಪಾಠ ಮಾಡಿಸಿದರು.
“ಮಗ್ಗಿ ಬರದೆ ಲೆಕ್ಕಕ್ಕೆ ಕೈ ಹಾಕ್ತೀಯಾ ಜಲಜಾಕ್ಷಿ?”

ದೊಡ್ಡ ಮಾತು ಅವರಿಗೆ ಬರುತ್ತಿರಲಿಲ್ಲ.
ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ.
ನ್ಯೂಟ್ರಲ್ಲಿಗೆ ಹಾಕಿ ಉಳಿಸಿದ ಡೀಸೆಲ್ಲಿನ ದುಡ್ಡು
ಕಫನ್ನಿನ ಬಟ್ಟೆಗೂ ಸಾಲುವುದಿಲ್ಲ.
ಹತ್ತುವವನಿಗೆ ದಾರಿ ಬಿಡು,
ಅವನು ನಿಂತರೆ ಮತ್ತೆ ಎದ್ದೇಳುವುದು ಕಷ್ಟ,
ನೀನು ನಿಂತರೆ ಹೋಗುವುದು ಒಂದು ಬೀಡಿಯ ಹೊತ್ತು.
ಬ್ರೇಕಿನ ಮೇಲೇ ಕಾಲಿಟ್ಟು ಕೂತರೆ ಅದಕ್ಕೂ ಸಿಟ್ಟು ಬರುತ್ತದೆ.
ಸುಟ್ಟ ವಾಸನೆ ಬಂತೋ, ನಿಲ್ಲಿಸು. ನೀರು ಹೊಯ್ಯಬೇಡ,
ತಾನಾಗಿ ಆರಲಿ.
ಮಂಜಿಗೆ ಲೈಟು ಎತ್ತಿ ಹಿಡಿದರೆ
ನಿನ್ನ ಬೆಳಕೇ ತಿರುಗಿ ಬಂದು ನಿನ್ನ ಕಣ್ಣು ಕಟ್ಟುತ್ತದೆ;
ತಗ್ಗಿಸು, ಬಿಳಿ ಗೆರೆ ಹಿಡಿದು ಹೋಗು,
ಗೆರೆ ಅಳಿಸಿದ ಕಡೆ ಬರೆಯ ಬದಿಯ ಚರಂಡಿ ನೋಡು.
“ಚರಂಡಿಗೆ ಬಿದ್ದವನು ಎದ್ದು ಬೈಸಿಕೊಳ್ತಾನೆ.
ಆ ಕಡೆ ಬಿದ್ದವನನ್ನ ಬೈಯೋಕೆ ಯಾರಿಗೂ ಬಾಯಿ ಬರೋಲ್ಲ.”

ಹದಿನೇಳನೆಯದಕ್ಕೆ ಮಾತ್ರ ಹೆಸರಿರಲಿಲ್ಲ.
ಬೇರೆ ಕಡೆ ಒಂದೇ ಹಾರನ್ನು, ಅಲ್ಲಿ ಮೂರು.
ಒಮ್ಮೆ ಯಾಕೆಂದು ಕೇಳಿದೆ.
“ಕನ್ನಡಿ ಇಲ್ಲವಲ್ಲ ಇಲ್ಲಿ” ಅಂದರು.
ಕನ್ನಡಿ ಇತ್ತು. ಅಂಚಿಗೆ ಪಾಚಿ ಕಟ್ಟಿತ್ತು, ಅಷ್ಟೆ.
ಅವರ ಡ್ಯಾಶ್‌ಬೋರ್ಡಿನ ಮೇಲೆ ಒಬ್ಬ ಹುಡುಗನ ಫೋಟೊ,
ಕಿವಿಗಳು ಥೇಟು ಮೊಯ್ದುಕಾಕನವೇ.
ಮತ್ತೆ ನಾನು ಕೇಳಲಿಲ್ಲ.

ಈಗ ಆ ಜೀಪು ನನ್ನದು.
ಬೆಳಿಗ್ಗೆ ಏಳೂವರೆಗೆ ಒಂಬತ್ತು ಮಕ್ಕಳು,
ಒಂಬತ್ತು ಬ್ಯಾಗು, ಒಂಬತ್ತು ಬುತ್ತಿ.
ಮೊನ್ನೆ ಕಾರ್ತಿಕದ ಮಂಜಿನಲ್ಲಿ, ಎರಡನೇ ಗೇರು,
ಹದಿನೇಳರ ಬುಡದಲ್ಲಿ ಮೂರು ಸಲ ಒತ್ತಿದೆ.
ಉತ್ತರವಿಲ್ಲ.
ಮೊದಲು ಬಂದದ್ದು ವಾಸನೆ.
ಸುಟ್ಟ ವಾಸನೆ, ಬಂಡಿಗಿಂತ ಹತ್ತು ಮಾರು ಮುಂದೆ.
ಮುಂದಿನದ್ದನ್ನು ನಾನು ಮಾಡಲಿಲ್ಲ, ನನ್ನ ಕೈ ಮಾಡಿತು:
ಜೀಪು ಬರೆಗೆ ಭುಜ ಕೊಟ್ಟು ಚರಂಡಿಯಲ್ಲಿ ಕೂತಿತು.
ಬಿಳಿ ಕಾರೊಂದು ನಮ್ಮ ಕನ್ನಡಿಯನ್ನಷ್ಟೇ ಕಿತ್ತುಕೊಂಡು ಹೋಗಿ
ಕೆಳಗೆ ಮಣ್ಣಿನ ದಿಬ್ಬಕ್ಕೆ ಮೂತಿ ಹಾಕಿ ನಿಂತಿತು.
ಓಡಿಸುತ್ತಿದ್ದವನು ಇಪ್ಪತ್ತರ ಹುಡುಗ.
ಇಳಿದು ಬಂದು ಅಕ್ಕಾ ಅಂದ,
ಆಮೇಲೆ ಏನನ್ನಬೇಕೋ ಗೊತ್ತಾಗದೆ
ರಸ್ತೆಯಲ್ಲಿ ಉರುಳುತ್ತಿದ್ದ ಡಬ್ಬಿಗಳನ್ನು ಹೆಕ್ಕತೊಡಗಿದ.

ಸಂಜೆ ಹೋಗಿ ಮೊಯ್ದುಕಾಕನಿಗೆ ಹೇಳಿದೆ.
ಈಗ ಅವರಿಗೆ ಕಣ್ಣು ಮಂಜು; ದನಿಯ ಕಡೆಗೆ ಮುಖ ಮಾಡುತ್ತಾರೆ.
ಮಕ್ಕಳು ಆಗಲೇ ಬುತ್ತಿ ತಿರುವು ಅನ್ನುತ್ತಿದ್ದಾರೆ ಅಂದೆ.
ಅಲ್ಲ, ಚಿತ್ರಾನ್ನದ ತಿರುವು ಅಂತ ಜಗಳ ನಡೆದಿದೆ ಅಂದೆ.

ತುಂಬ ಹೊತ್ತು ಸುಮ್ಮನಿದ್ದರು.
ಬೀಡಿ ಎರಡು ಸಲ ಆರಿತು.

“ಎಷ್ಟನೇ ಗೇರಲ್ಲಿದ್ದೆ?”
“ಎರಡು.”
“ಹ್ಞೂಂ” ಅಂದರು. ಒಳಗೆ ತಿರುಗಿ
ಇವಳಿಗೆ ಚಾ ಮಾಡು, ಸಕ್ಕರೆ ಜಾಸ್ತಿ ಹಾಕು ಅಂದರು.